ನಮ್ಮ ಹಳೆಯ ವ್ಯಾನಿನ ಸದ್ದು

ಮನೆಯಲ್ಲಿ ಸದ್ದಿಲ್ಲದ ಗಳಿಗೆಯೇ ಇಲ್ಲ. ಬೆಳಗಿನ ಜಾವ ಹಿತ್ತಿಲ ಬಾಗಿಲಿನ ಅಗುಳಿ ತೆಗೆದ ಸದ್ದು, ಕೊಡ ಇಳಿಸಿದ ಸದ್ದು, ಒಗ್ಗರಣೆಯ ಸಾಸಿವೆ ಸಿಡಿದ ಸದ್ದು, ಹಿರಿಯರ ಕೆಮ್ಮು, ಕೂಸಿನ ಅಳು—ಇವೆಲ್ಲ ದಿನವೂ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತವೆ. ಆದರೂ ನಾವು ಅವುಗಳಿಗೆ ಕಿವಿಗೊಡುವುದು ಅಪರೂಪ. ಅವುಗಳಲ್ಲಿ ಒಂದು ತನ್ನ ಹದವನ್ನು ಬಿಟ್ಟಿತೆಂದರೆ ಮಾತ್ರ ಒಡನೆಯೇ ಎಚ್ಚರಗೊಳ್ಳುತ್ತೇವೆ. ಕೂಸು ಹಸಿವಿಗೆ ಅಳುತ್ತಿದೆಯೋ, ಕಿವಿನೋವಿಗೆ ಅಳುತ್ತಿದೆಯೋ ಎಂಬುದನ್ನು ತಾಯಿಯಾದವಳು ಮೂರು ಕೋಣೆಗಳಾಚೆಯಿಂದ ಬಲ್ಲಳು. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿ ಅದನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾಳೆ. ಕಣ್ಣಿಗೆ ಕಾಣದ ಬಿರುಕು ಅವಳ ಕಿವಿಗೆ ಕೇಳಿಸುತ್ತದೆ.

ಇಷ್ಟೊಂದು ಸೂಕ್ಷ್ಮವಾದ ಕಿವಿಯನ್ನು ಪಡೆದಿರುವ ಸಂಸಾರಿಗಳಾದ ನಾವು ಯಂತ್ರವೊಂದರ ಮುಂದೆ ನಿಂತೊಡನೆ ಮಾತ್ರ ಕಿವುಡರಂತೆ ಆಗಿಬಿಡುತ್ತೇವೆ. "ಅದು ನಮಗೆ ತಿಳಿಯುವ ವಿಷಯವಲ್ಲ" ಎಂದು ಕೈಚೆಲ್ಲುತ್ತೇವೆ. ಇಲ್ಲವೆ ಯಾರು ಮೊದಲು ಏನೆಂದರೋ ಅದನ್ನೇ ನಂಬಿ ಹೆದರುತ್ತೇವೆ. ನಮ್ಮ ಮನೆಯ ಹಳೆಯ ವ್ಯಾನಿನ ಸದ್ದಿನಿಂದ ಈ ವಿಚಾರವಾಗಿ ನನಗೆ ತಿಳಿದುಬಂದುದನ್ನು ವಾಚಕರ ಮುಂದೆ ಇಡಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಇದರಲ್ಲಿ ಸ್ವಲ್ಪ ಯಂತ್ರಶಾಸ್ತ್ರ ಬರುತ್ತದೆ. ಆದರೆ ಅಡಿಗೆಮನೆಯ ಲೆಕ್ಕಕ್ಕಿಂತ ಅದೇನೂ ಕಠಿನವಾದುದಲ್ಲ.

ನಮ್ಮದು ಶಿಡ್ಲಘಟ್ಟಕ್ಕೆ ಸಮೀಪದ ಹಳ್ಳಿಯಲ್ಲಿ ಹಿಪ್ಪುನೇರಳೆ ತೋಟವಿಟ್ಟುಕೊಂಡು ರೇಷ್ಮೆ ಬೆಳೆಯುವ ಕೂಡುಕುಟುಂಬ. ವ್ಯಾನು ಮಾರುತಿ ಜಾತಿಯದು. ಈ ಮಾದರಿ ೧೯೮೪ರಲ್ಲಿ ನಮ್ಮ ದೇಶದ ಬೀದಿಗಳಿಗೆ ಬಂದು, ಮುಂದೆ ಓಮ್ನಿಯೆಂದು ಹೆಸರು ಪಡೆದು, ೨೦೧೯ರಲ್ಲಿ ತಯಾರಿಕೆ ನಿಲ್ಲುವವರೆಗೆ ಸಾವಿರಾರು ಸಂಸಾರಗಳ ಮದುವೆ, ಮುಂಜಿ, ಸಂತೆ, ಆಸ್ಪತ್ರೆಗಳ ಓಡಾಟವನ್ನೆಲ್ಲ ಹೊತ್ತಿತು. ಮೂರು ಸಿಲಿಂಡರುಗಳ, ೭೯೬ ಘನ ಸೆಂಟಿಮೀಟರುಗಳ ಆ ಪುಟ್ಟ ಎಂಜಿನ್ನು ಇತರ ಕಾರುಗಳಲ್ಲಿರುವಂತೆ ಮೂಗಿನಲ್ಲಿ ಇರದೆ ಮುಂದಿನ ಆಸನಗಳ ಅಡಿಯಲ್ಲಿಯೇ ಅಡಗಿರುತ್ತದೆ. ಆಸನವನ್ನು ಎತ್ತಿದರೆ ಎಂಜಿನ್ನು ಕಾಣುತ್ತದೆ. ವಾಚಕರು ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ಕತೆ ಗಂಭೀರವಾಗುತ್ತದೆ.

ಈ ವ್ಯಾನು ನಮಗೆ ಸೊಗಸಿನ ವಸ್ತುವಲ್ಲ. ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಗೂಡು ಕಟ್ಟಿದ ಮೇಲೆ, ಐದಾರು ದಿನಗಳಲ್ಲಿ ಗೂಡು ಬಿಡಿಸಿ ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ಸಾಗಿಸಬೇಕು. ತಡಮಾಡಿದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬರುವುದಿಲ್ಲ, ರೀಲರುಗಳು ಅದನ್ನು ಕೈಯಿಂದಲೂ ಮುಟ್ಟುವುದಿಲ್ಲ. ಒಂದು ಬೆಳೆಯೆಂದರೆ ಮೊಟ್ಟೆಯೊಡೆದಂದಿನಿಂದ ಸುಮಾರು ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆ. ಆ ದುಡಿಮೆಯನ್ನು ಕೊನೆಯ ಗಳಿಗೆಯಲ್ಲಿ ಹೊತ್ತು ತಲುಪಿಸುವುದು ಈ ವ್ಯಾನು. ಜೊತೆಗೆ ಚಿಂತಾಮಣಿಯ ಬೀಗರ ಮನೆ, ಗೌರಿಬಿದನೂರಿನಲ್ಲಿರುವ ತಂಗಿಯ ಮನೆ, ಚಿಕ್ಕಬಳ್ಳಾಪುರದ ಆಸ್ಪತ್ರೆ, ಕಚೇರಿ—ನಾಲ್ಕೂ ದಿಕ್ಕಿಗೆ ಅದೇ ನಮ್ಮ ರಥ.

ಹೋದ ಚಳಿಗಾಲದಲ್ಲಿ, ಮಾರ್ಗಶಿರದ ಮಂಜು ಸುರಿಯುತ್ತಿದ್ದ ದಿನಗಳಲ್ಲಿ, ಈ ವ್ಯಾನಿನ ಒಡಲಿನಿಂದ ಹೊಸದೊಂದು ಸದ್ದು ಬರತೊಡಗಿತು. ಅದನ್ನು ಮೊದಲು ಕೇಳಿದವರು ಓಡಿಸುವ ಅಣ್ಣನಲ್ಲ, ನಾನಲ್ಲ, ನಮ್ಮ ಅತ್ತಿಗೆ. "ನೋಡಪ್ಪಾ, ಇದರ ಮಾತು ಬೇರೆಯಾಗಿದೆ. ಒಳಗೆ ಯಾರೋ ಉಗುರಿನಿಂದ ತಗಡು ತಟ್ಟಿದ ಹಾಗೆ ಕೇಳಿಸುತ್ತದೆ" ಎಂದರು. ನಾವು ಕಿವಿಗೊಟ್ಟೆವು. ಮಾಮೂಲಿನ ಗುರ್ರೆಂಬ ನಾದದ ಒಳಗೆ ಟಿಕ್ ಟಿಕ್ ಟಿಕ್ ಎಂದು ಸಣ್ಣದೊಂದು ತಾಳ ನಿಜವಾಗಿಯೂ ಇದ್ದಿತು.

ಅತ್ತಿಗೆಯವರಿಗೆ ಅದು ಮೊದಲು ಕೇಳಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಮೂವತ್ತು ವರ್ಷಗಳಿಂದ ಹುಳು ಸಾಕಿದವರು. ರೇಷ್ಮೆಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹಗಲೂ ಇರುಳೂ ಸೊಪ್ಪು ತಿನ್ನುತ್ತದೆ. ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ಏಳೆಂಟು ದಿನಗಳಲ್ಲಿಯೇ ತಿಂದು ತೀರಿಸುತ್ತದೆ. ಆಗ ಹುಳುಮನೆಯಲ್ಲಿ ನಿಂತರೆ ಹೆಂಚಿನ ಮೇಲೆ ಸೋನೆಮಳೆ ಸುರಿದಂತೆ ಸದ್ದು ಕೇಳುತ್ತದೆ. ಆ ಮಳೆ ತೆಳುವಾಯಿತೆಂದರೆ ಹುಳುವಿಗೆ ಏನೋ ಆಗಿದೆಯೆಂದು ಅರ್ಥ. ಸೊಪ್ಪು ಬಾಡಿರಬಹುದು, ಶೆಖೆಯಾಗಿರಬಹುದು, ರೋಗ ಹೊಕ್ಕಿರಬಹುದು, ಇಲ್ಲವೆ ಹಣ್ಣಾಗುವ ಕಾಲವೇ ಬಂದಿರಬಹುದು. ನಡುರಾತ್ರಿಯಲ್ಲಿ ಎದ್ದು, ದೀಪ ಹಚ್ಚುವುದಕ್ಕೆ ಮೊದಲೇ ಬಾಗಿಲಲ್ಲಿ ನಿಂತು ಕಿವಿಯಿಂದ ಹುಳುವಿನ ಆರೋಗ್ಯವನ್ನು ವಿಚಾರಿಸುವ ಅಭ್ಯಾಸ ಅವರದು. ಅಂಥ ಕಿವಿ ಎಂಜಿನ್ನಿನ ಮೇಲೆಯೇ ಕುಳಿತಿರುವಾಗ ಮೋಸಹೋಗುವುದೆಂತು?

ಸದ್ದು ಊರಿಗೆ ತಿಳಿದೊಡನೆ ಸಲಹೆಗಳಿಗೆ ಬರವಾಗಲಿಲ್ಲ. ಒಬ್ಬರು ಎಣ್ಣೆ ಬದಲಾಯಿಸಿ ಎಂದರು. ಇನ್ನೊಬ್ಬರು ಪೆಟ್ರೋಲಿನ ಕಲಬೆರಕೆಯೆಂದರು. ಮತ್ತೊಬ್ಬರು, "ರೇಡಿಯೋ ಸ್ವಲ್ಪ ಜೋರಾಗಿ ಹಾಕಿ, ಸದ್ದು ಕೇಳಿಸುವುದೇ ಇಲ್ಲ" ಎಂದು ನಕ್ಕರು. ದುರಸ್ತಿಯ ಕಾರ್ಖಾನೆಯೊಂದಕ್ಕೆ ಒಯ್ದಾಗ ಅಲ್ಲಿಯವರು ಎರಡು ನಿಮಿಷ ಕೇಳಿ, "ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ. ಎಂಜಿನ್ ಪೂರ್ತಿ ಬಿಚ್ಚಬೇಕು" ಎಂದು ತೀರ್ಪುಕೊಟ್ಟು, ಒಂದು ಬೆಳೆಯ ಲಾಭವನ್ನೆಲ್ಲ ನುಂಗುವಂಥ ಮೊತ್ತವನ್ನು ಹೇಳಿದರು. ಆ ಮಾತು ನಿಜವಾಗಿದ್ದರೆ ಭಯಪಡತಕ್ಕದ್ದೇ. ಪಿಸ್ಟನ್ನನ್ನೂ ಕ್ರ್ಯಾಂಕ್ ದಂಡವನ್ನೂ ಕೂಡಿಸುವ ಆ ರಾಡು ಸಡಿಲವಾಗಿ ಓಡುವಾಗ ಮುರಿದರೆ ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಹೊರಬರುವುದುಂಟು. ಮುಂದಿನ ಬೆಳೆಯ ಗೂಡು ಇಳಿಯುವುದಕ್ಕೆ ಇನ್ನು ಹತ್ತೇ ದಿನಗಳಿದ್ದವು.

ಅಣ್ಣ ಅವಸರಪಡುವವನಲ್ಲ. "ಬಿಚ್ಚುವುದು ಯಾವಾಗಲೂ ಇದ್ದೇ ಇದೆ. ಮೊದಲು ಅದು ಏನು ಹೇಳುತ್ತಿದೆಯೋ ಕೇಳೋಣ" ಎಂದನು. ದೂರ ಎಲ್ಲಿಗೂ ಒಯ್ಯದೆ, ಮನೆಯ ಸುತ್ತಮುತ್ತಲೇ ನಡೆಸಿ, ನಾಲ್ಕು ದಿನ ಸದ್ದಿನ ದಿನಚರಿಯನ್ನು ಬರೆದಿಡುವುದೆಂದು ನಿಶ್ಚಯಿಸಿದೆವು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿಯೇ ಬರೆದೆವು. ಕೇಳಿಕೊಂಡ ಪ್ರಶ್ನೆಗಳು ಮೂರೇ. ಸದ್ದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ? ಅದರ ತಾಳ ಎಷ್ಟು ಬೇಗ? ಅದು ಇರುವ ಜಾಗ ಯಾವುದು? ವೈದ್ಯರು ಜ್ವರವನ್ನು ಕುರಿತು ಕೇಳುವ ಪ್ರಶ್ನೆಗಳೂ ಇವೇ ಅಲ್ಲವೇ?

ಮೊದಲನೆಯ ಪ್ರಶ್ನೆಗೆ ಉತ್ತರ ಬೇಗನೆ ದೊರೆಯಿತು. ಬೆಳಗ್ಗೆ ತಣ್ಣಗಿರುವ ಎಂಜಿನ್ನನ್ನು ಎಬ್ಬಿಸಿದಾಗ ಸದ್ದು ಸ್ಪಷ್ಟವಾಗಿರುತ್ತಿತ್ತು. ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ತಗ್ಗುತ್ತಿತ್ತು. ಏರುದಾರಿಯಲ್ಲಿ ಭಾರ ಎಳೆಯುವಾಗ ಮತ್ತೆ ತಲೆಯೆತ್ತುತ್ತಿತ್ತು. ಇದಿಷ್ಟೇ ಸಂಗತಿಯಿಂದ ಎಷ್ಟೋ ವಿಷಯ ತಿಳಿಯುತ್ತದೆ. ರಾಡಿನ ಬೇರಿಂಗು ಸವೆದಿದ್ದರೆ ಅದು ಮಾಡುವ ಸದ್ದು ಸುತ್ತಿಗೆಯಂತೆ ದಪ್ಪನಾಗಿರುತ್ತದೆ. ಎಣ್ಣೆ ಕಾದು ನೀರಾದಷ್ಟೂ ಅದು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಪಿಸ್ಟನ್ನು ಸವೆದು ಸಿಲಿಂಡರಿನ ಗೋಡೆಗೆ ಬಡಿಯುವುದಾದರೆ ತಣ್ಣಗಿರುವಾಗ ಹೆಚ್ಚಾಗಿದ್ದು, ಲೋಹ ಹಿಗ್ಗಿದ ಮೇಲೆ ತಗ್ಗುತ್ತದೆ. ಆದರೆ ಅದರ ಸದ್ದು ಟೊಳ್ಳಾದುದು. ಕವಾಟಗಳ ಟ್ಯಾಪೆಟ್ ಸಡಿಲವಾದರೆ ಟಿಕ್ ಟಿಕ್ ಎಂಬುದು ನಿಜ. ಆದರೆ ಅದು ಭಾರವಿರಲಿ ಇಲ್ಲದಿರಲಿ ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಬೆಲ್ಟು ತಿರುಗಿಸುವ ನೀರಿನ ಪಂಪು, ವಿದ್ಯುತ್ತಿನ ಆಲ್ಟರ್ನೇಟರುಗಳ ಬೇರಿಂಗು ಹೋದರೆ ಸದ್ದು ತಾಳವಾಗಿ ಬರುವುದಿಲ್ಲ, ಎಳೆದ ರಾಗದಂತೆ ಬರುತ್ತದೆ. ಹೀಗೆ ಒಂದೊಂದಾಗಿ ಬೇಡವಾದುದನ್ನು ತಳ್ಳುತ್ತ ಬಂದೆವು.

ಎರಡನೆಯ ಪ್ರಶ್ನೆಗೆ ಅಣ್ಣನ ಮಗನ ಫೋನು ಸಹಾಯಕ್ಕೆ ಬಂದಿತು. ನಾಲ್ಕು ಹಂತಗಳ ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿದಾಗ ಒಂದು ಸಿಲಿಂಡರಿನಲ್ಲಿ ಒಂದು ಸಲ ಕಿಡಿ ಹೊತ್ತುತ್ತದೆ, ಒಂದು ಸಲ ಹೊಗೆ ಹೊರಹೋಗುತ್ತದೆ, ಪ್ರತಿಯೊಂದು ಕವಾಟವೂ ಒಂದೇ ಸಲ ತೆರೆಯುತ್ತದೆ. ನಿಂತಲ್ಲಿಯೇ ಓಡುವಾಗ ದಂಡ ನಿಮಿಷಕ್ಕೆ ಸುಮಾರು ೯೦೦ ಸುತ್ತು ತಿರುಗುತ್ತದೆಯೆಂದರೆ ಸೆಕೆಂಡಿಗೆ ೧೫ ಆಯಿತು. ತಳದ ದಂಡಕ್ಕೆ ಸಂಬಂಧಪಟ್ಟ ಬಡಿತ ಬಹುಮಟ್ಟಿಗೆ ಈ ವೇಗದಲ್ಲಿ ಬರುತ್ತದೆ. ಕವಾಟಗಳಿಗೋ, ಒಂದು ಸಿಲಿಂಡರಿನ ಹೊಗೆಗೋ ಸಂಬಂಧಪಟ್ಟುದು ಇದರ ಅರ್ಧ ವೇಗದಲ್ಲಿ, ಎಂದರೆ ಸೆಕೆಂಡಿಗೆ ಏಳೆಂಟು ಸಲ. ಇಷ್ಟು ಬೇಗನೆ ಎಣಿಸಲು ಮನುಷ್ಯನ ಕಿವಿಗೆ ಸಾಧ್ಯವಿಲ್ಲ. ಹುಡುಗನು ಸದ್ದನ್ನು ಫೋನಿನಲ್ಲಿ ಹಿಡಿದು, ನಾಲ್ಕು ಪಟ್ಟು ನಿಧಾನವಾಗಿ ನುಡಿಸಿದನು. ಅತ್ತಿಗೆ ರಾಗಿ ಕೇರುತ್ತ ಕುಳಿತಲ್ಲಿಯೇ ಬೆರಳು ಮಡಿಸಿ ಎಣಿಸಿದರು. ಸೆಕೆಂಡಿಗೆ ಎರಡಕ್ಕೆ ಸ್ವಲ್ಪ ಕಡಿಮೆ. ನಾಲ್ಕರಿಂದ ಗುಣಿಸಿದರೆ ಏಳೂವರೆಯ ಆಸುಪಾಸು. ಸದ್ದು ಅರ್ಧ ವೇಗದ್ದೇ ಆಗಿದ್ದಿತು. ರಾಡಿನ ಮೇಲಿದ್ದ ಸಂದೇಹ ಇನ್ನಷ್ಟು ಕಡಿಮೆಯಾಯಿತು.

ಉಳಿದುದು ಮೂರನೆಯ ಪ್ರಶ್ನೆ, ಎಲ್ಲಿ ಎಂಬುದು. ಇದನ್ನು ಕುರಿತು ಯೋಚಿಸುತ್ತಿದ್ದಾಗ ನಾನು ಬೇರೆಯ ಕೆಲಸದ ಮೇಲೆ ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋಗಬೇಕಾಯಿತು. ಆ ತಾಲ್ಲೂಕಿನ ಬಂಡೆಗಳ ನಡುವೆ ಭೂಮಿಯ ಸದ್ದನ್ನೇ ಕೇಳುವ ಒಂದು ಸ್ಥಾನವಿದೆಯೆಂಬುದು ನಮ್ಮ ಜಿಲ್ಲೆಯವರಿಗೇ ಅನೇಕರಿಗೆ ತಿಳಿಯದು. ೧೯೬೩ರಲ್ಲಿ ಬಲಿಷ್ಠ ರಾಷ್ಟ್ರಗಳು ಗಾಳಿಯಲ್ಲಿಯೂ ನೀರಿನಲ್ಲಿಯೂ ಪರಮಾಣು ಬಾಂಬನ್ನು ಪರೀಕ್ಷಿಸುವುದಿಲ್ಲವೆಂದು ಒಪ್ಪಂದ ಮಾಡಿಕೊಂಡ ಮೇಲೆ ಆ ಪರೀಕ್ಷೆಗಳು ನೆಲದಡಿಗೆ ಇಳಿದವು. ನೆಲದಡಿಯಲ್ಲಿ ಎಲ್ಲೋ ಸಾವಿರಾರು ಮೈಲಿಗಳಾಚೆ ಆದ ಕಂಪನ ಸಹಜವಾದ ಭೂಕಂಪವೋ, ಮನುಷ್ಯನು ಸಿಡಿಸಿದ ಬಾಂಬೋ ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಇಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆಯವರು ಬ್ರಿಟನ್ನಿನ ಸಹಕಾರದೊಡನೆ ೧೯೬೫ರಲ್ಲಿ ಗೌರಿಬಿದನೂರಿನಲ್ಲಿ ಕಂಪನಮಾಪಕಗಳ ವ್ಯೂಹವೊಂದನ್ನು ಸ್ಥಾಪಿಸಿದರು. ಇಲ್ಲಿಯ ನೆಲ ಗಟ್ಟಿಯಾದ ಹಳೆಯ ಬಂಡೆ, ಗದ್ದಲವಿಲ್ಲದ ಸ್ಥಳ. ಕೇಳುವವನಿಗೆ ಮೊದಲು ಬೇಕಾದುದು ಮೌನವಷ್ಟೆ.

ಆ ವ್ಯೂಹದ ಯುಕ್ತಿ ಬಲು ಸರಳವಾದುದು. ಒಂದೇ ಕಿವಿಯನ್ನು ನಂಬದೆ, ಎರಡು ಸಾಲುಗಳಾಗಿ ಮೈಲಿಗಟ್ಟಲೆ ದೂರಕ್ಕೆ ಅನೇಕ ಕಿವಿಗಳನ್ನು ನೆಲದಲ್ಲಿ ಇಟ್ಟಿದ್ದಾರೆ. ದೂರದಿಂದ ಬಂದ ಅಲೆ ಎಲ್ಲ ಕಿವಿಗಳನ್ನೂ ಒಂದೇ ಕ್ಷಣದಲ್ಲಿ ಮುಟ್ಟುವುದಿಲ್ಲ. ಒಂದಕ್ಕೆ ಮೊದಲು, ಮತ್ತೊಂದಕ್ಕೆ ತುಸು ತಡವಾಗಿ ಮುಟ್ಟುತ್ತದೆ. ಆ ತಡದ ಲೆಕ್ಕದಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ. ಅದರ ಸ್ವರೂಪದಿಂದ ಕಾರಣದ ಸುಳಿವು ಸಿಗುತ್ತದೆ. ಬಾಂಬು ಸಿಡಿದರೆ ಸುತ್ತಲ ನೆಲವನ್ನೆಲ್ಲ ಒಮ್ಮೆಗೇ ಹೊರಕ್ಕೆ ನೂಕುತ್ತದೆ. ಭೂಕಂಪದಲ್ಲಿ ಬಂಡೆ ಬಂಡೆಯನ್ನು ಉಜ್ಜಿಕೊಂಡು ಜಾರುತ್ತದೆ. ಎರಡರಿಂದ ಏಳುವ ಅಲೆಗಳ ಪ್ರಮಾಣವೇ ಬೇರೆ. ದೇಶದೇಶಗಳ ಗುಟ್ಟನ್ನು ಬಯಲುಮಾಡುವ ಈ ವಿದ್ಯೆಯ ತಿರುಳು ಇಷ್ಟೆ: ಕಿವಿಯನ್ನು ಹಲವು ಕಡೆ ಇಟ್ಟು ಕೇಳು, ಒಂದರೊಡನೊಂದನ್ನು ಹೋಲಿಸು, ಆಮೇಲೆ ಹೆಸರು ಹೇಳು. ನಮ್ಮ ವ್ಯಾನಿಗೂ ಬೇಕಾಗಿದ್ದುದು ಇದೇ ಎಂದು ನನಗೆ ತೋರಿತು.

ಇಂಥ ಕೇಳುವ ಕಲೆಯನ್ನು ಬಲ್ಲ ಮೇಸ್ತ್ರಿಯೊಬ್ಬರು ಚಿಂತಾಮಣಿಯಲ್ಲಿದ್ದಾರೆಂದು ಬೀಗರು ಹೇಳಿಕಳುಹಿಸಿದರು. ವಯಸ್ಸಾದ ಸಾಬರು, ಅಂಗಡಿಗೆ ಹಲಗೆ ಕೂಡ ಇಲ್ಲ. ಬೀಗರು ಅವರನ್ನು ನಮ್ಮ ಹಳ್ಳಿಗೇ ಕರೆತಂದರು. ಎಂಜಿನ್ನು ರಾತ್ರಿಯೆಲ್ಲ ತಣ್ಣಗೆ ಇರಬೇಕೆಂದು ಅವರು ಮೊದಲೇ ಹೇಳಿಕಳುಹಿಸಿದ್ದುದನ್ನು ಕಂಡೇ ನನಗೆ ಅರ್ಧ ಧೈರ್ಯ ಬಂದಿತು. ನಮ್ಮ ದಿನಚರಿಯನ್ನು ಓದಿಸಿ ಕೇಳಿದರು. "ರೋಗಿಯ ಕಡೆಯವರು ಇಷ್ಟು ಹೇಳಿದರೆ ನನಗೆ ಅರ್ಧ ಕೆಲಸ ಉಳಿಯಿತು ಸ್ವಾಮಿ" ಎಂದರು.

ಆಸನವನ್ನು ಎತ್ತಿಸಿ ಎಂಜಿನ್ನನ್ನು ಎಬ್ಬಿಸಿದರು. ಉದ್ದನೆಯ ಸ್ಕ್ರೂಡ್ರೈವರೊಂದರ ತುದಿಯನ್ನು ಎಂಜಿನ್ನಿನ ಮೈಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ತಲೆಯ ಮೇಲೆ, ಪಕ್ಕದಲ್ಲಿ, ತಳದಲ್ಲಿ, ನೀರಿನ ಪಂಪಿನ ಮೇಲೆ ಹೀಗೆ ಹತ್ತಾರು ಕಡೆ ಇಟ್ಟು ಇಟ್ಟು ತೆಗೆದರು. ಗಟ್ಟಿ ವಸ್ತುವಿನೊಳಗಿನ ಬಡಿತ ಕಬ್ಬಿಣದ ಮೂಲಕ ನೇರವಾಗಿ ಕಿವಿಗೆ ಬರುತ್ತದೆ. ನಮ್ಮ ಟಿಕ್ ಟಿಕ್ ಎಲ್ಲಿಯೂ ಜೋರಾಗಿ ಬರಲಿಲ್ಲ. "ಒಳಗಡೆ ಏನೂ ಬಡಿಯುತ್ತಿಲ್ಲ" ಎಂದು ಹೇಳಿ, ಸ್ಕ್ರೂಡ್ರೈವರನ್ನು ಬಿಟ್ಟು, ಜೇಬಿನಿಂದ ಮೊಳದುದ್ದದ ರಬ್ಬರು ಕೊಳವೆಯನ್ನು ತೆಗೆದರು. ಅದರ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ನಿನ ಪಕ್ಕದ ಗಾಳಿಯಲ್ಲಿ. ಗಟ್ಟಿ ವಸ್ತುವಿನ ಸದ್ದಿಗೆ ಸಲಾಕೆ, ಗಾಳಿಯ ಸದ್ದಿಗೆ ಕೊಳವೆ ಎಂಬುದು ಅವರ ಸೂತ್ರ.

೧೮೧೬ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಎಂಬಾತನು ರೋಗಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಕೇಳಿದನಂತೆ. ಎದೆಯ ಬಡಿತ ಬರಿಯ ಕಿವಿಗಿಂತ ಸ್ಪಷ್ಟವಾಗಿ ಕೇಳಿಸಿತು. ಇಂದು ವೈದ್ಯರ ಕೊರಳಿನಲ್ಲಿ ತೂಗುವ ಸ್ಟೆತಾಸ್ಕೋಪಿನ ಮೂಲ ಅದೇ. ನಮ್ಮ ಮೇಸ್ತ್ರಿಯ ರಬ್ಬರು ಕೊಳವೆ ಅದರ ಬಡ ತಮ್ಮನೆಂದರೆ ತಪ್ಪಿಲ್ಲ. ಕೊಳವೆಯ ತುದಿ ಮೂರು ಸಿಲಿಂಡರುಗಳ ಹೊಗೆ ಒಂದುಗೂಡಿ ಹೊರಡುವ ಮ್ಯಾನಿಫೋಲ್ಡಿನ ಅಂಚಿಗೆ ಬಂದಾಗ ಅವರ ಹುಬ್ಬು ಮೇಲೇರಿತು. ಅಣ್ಣನ ಮಗನನ್ನು ಕರೆದು, ವ್ಯಾನಿನ ಹಿಂದಣ ಹೊಗೆಕೊಳವೆಯ ಬಾಯಿಗೆ ದಪ್ಪ ಬಟ್ಟೆಯನ್ನು ಒಂದು ಕ್ಷಣ ಒತ್ತಿಹಿಡಿಯುವಂತೆ ಹೇಳಿದರು. ಹಿಡಿದೊಡನೆ ಟಿಕ್ ಟಿಕ್ ಎಂಬುದು ಚಟ್ ಚಟ್ ಎಂದಾಯಿತು. ಮುಂದಿನ ದಾರಿ ಕಟ್ಟಿದಾಗ ಹೊಗೆ ಸಂದಿನಿಂದಲೇ ಹೆಚ್ಚಾಗಿ ನುಗ್ಗಿತೆಂಬುದು ನಮಗೂ ಅರ್ಥವಾಯಿತು. ಎಂಜಿನ್ನನ್ನು ನಿಲ್ಲಿಸಿ ದೀಪ ಹಿಡಿದು ನೋಡಲಾಗಿ, ಒಂದು ಸಿಲಿಂಡರಿನ ಬಳಿ ಮ್ಯಾನಿಫೋಲ್ಡಿನ ಪ್ಯಾಕಿಂಗು ಸುಟ್ಟು, ಅದರ ಸುತ್ತ ಕಾಡಿಗೆ ಬಳಿದಂತೆ ಮಸಿ ಹಿಡಿದಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ವರ್ಷಾನುವರ್ಷ ಕಾದು ತಣಿದು, ಕಾದು ತಣಿದು ಪ್ಯಾಕಿಂಗಿಗೆ ವಯಸ್ಸಾಗಿತ್ತು, ಅಷ್ಟೆ. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಕಿರಿದಾಗುತ್ತಿದ್ದುದರಿಂದ ಸದ್ದು ತಗ್ಗುತ್ತಿತ್ತು. ಭಾರ ಎಳೆಯುವಾಗ ಹೊಗೆಯ ಒತ್ತಡ ಹೆಚ್ಚಿ ಮತ್ತೆ ಕೇಳಿಸುತ್ತಿತ್ತು. ನಮ್ಮ ದಿನಚರಿಯ ಒಂದೊಂದು ಸಾಲಿಗೂ ಅರ್ಥ ದೊರೆಯಿತು.

ಎಂಜಿನ್ನು ಬಿಚ್ಚಬೇಕಾಗಿಲ್ಲವೆಂದು ನಾವು ಸಂತೋಷಪಡುತ್ತಿರುವಾಗ ಮೇಸ್ತ್ರಿ ಮಾತ್ರ ನಗಲಿಲ್ಲ. "ಈ ಆಸನದಲ್ಲಿ ಕೂರುವವರು ಯಾರು?" ಎಂದು ಕೇಳಿದರು.

"ನಾನೇ ಕಣಪ್ಪಾ, ಮೊಮ್ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು" ಎಂದರು ಅತ್ತಿಗೆ.

"ದೂರ ಹೋದಾಗ ತಲೆನೋವು ಬರುತ್ತದೆಯೇನಮ್ಮಾ? ಹೊಟ್ಟೆ ತೊಳಸುತ್ತದೆಯೇ?"

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಚಳಿಯೆಂದು ಗಾಜುಗಳನ್ನೆಲ್ಲ ಏರಿಸಿಕೊಂಡು ಹೋದ ಎರಡು ಪ್ರಯಾಣಗಳಲ್ಲಿಯೂ ಅವರಿಗೆ ತಲೆ ಭಾರವಾಗಿತ್ತು. ಮಗು ಎಂದಿಗಿಂತ ಹೆಚ್ಚಾಗಿ ತೂಕಡಿಸಿತ್ತು. ಹುಳು ಸಾಕುವ ಕಾಲದಲ್ಲಿ ನಿದ್ದೆ ಕೆಡುವುದು ಸಹಜವಾದುದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಮೇಸ್ತ್ರಿ ತಲೆಯಾಡಿಸಿ, "ಹೊಗೆ ಕೆಳಗಿನಿಂದ ಒಳಕ್ಕೆ ಬರುತ್ತಿದೆಯಮ್ಮಾ. ಇದು ಆಗುವವರೆಗೆ ಗಾಡಿ ತೆಗೆಯಬೇಡಿ" ಎಂದರು.

ಆ ಮಾತಿನ ತೂಕವನ್ನು ವಾಚಕರು ಅರಿಯಬೇಕು. ಪೆಟ್ರೋಲು ಉರಿದಾಗ ಹುಟ್ಟುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತು ಸಾಗಿಸುವ ಹಿಮೋಗ್ಲೋಬಿನ್ನಿಗೆ ಪ್ರಾಣವಾಯುವಿನ ಮೇಲಿರುವುದಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಆಸಕ್ತಿ ಈ ಅನಿಲದ ಮೇಲಿದೆ. ಆದುದರಿಂದ ಗಾಳಿಯಲ್ಲಿ ಇದು ಸ್ವಲ್ಪವೇ ಇದ್ದರೂ ರಕ್ತದಲ್ಲಿ ಜಾಗವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಓಕರಿಕೆ, ಮಂಪರು. ಕೊನೆಗೆ ಎಚ್ಚರವಿಲ್ಲದ ನಿದ್ದೆ. ಮಕ್ಕಳಿಗೂ ಬಸುರಿಯರಿಗೂ ಇದರ ಅಪಾಯ ಹೆಚ್ಚು. ಎಂಜಿನ್ನು ಮೂಗಿನಲ್ಲಿರುವ ಕಾರಿನಲ್ಲಿ ಇಂಥ ಸೋರಿಕೆಯಾದರೆ ಹೊಗೆ ಬಹುಮಟ್ಟಿಗೆ ಗಾಳಿಯಲ್ಲಿ ಚದುರಿಹೋದೀತು. ಎಂಜಿನ್ನೇ ಆಸನದಡಿಯಲ್ಲಿರುವಾಗ, ಆಸನದ ಮುಚ್ಚಳದ ರಬ್ಬರು ಹಳತಾಗಿ ಸಂದುಬಿಟ್ಟಿರುವಾಗ, ಗಾಜು ಮುಚ್ಚಿರುವಾಗ ಆ ಹೊಗೆಗೆ ಬೇರೆ ದಾರಿಯೆಲ್ಲಿ?

ನಮ್ಮನ್ನು ಹೆದರಿಸಿದ್ದ ರಾಡಿನ ಬೇರಿಂಗು ಕೈಕೊಟ್ಟಿದ್ದರೆ ಹೆಚ್ಚೆಂದರೆ ಹಣ ಹೋಗುತ್ತಿತ್ತು, ಒಂದು ಬೆಳೆ ಹಾಳಾಗುತ್ತಿತ್ತು. ಕೆಲವು ನೂರು ರೂಪಾಯಿಗಳ ಈ ಪ್ಯಾಕಿಂಗಿನಿಂದ ಆಗಬಹುದಾಗಿದ್ದ ನಷ್ಟವನ್ನು ಬರೆಯುವುದಕ್ಕೂ ಕೈ ಬಾರದು. ಸದ್ದಿನ ಬಲಕ್ಕೂ ಅದು ಸೂಚಿಸುವ ಅಪಾಯಕ್ಕೂ ಸಂಬಂಧವಿಲ್ಲ. ದುರಸ್ತಿಯ ಖರ್ಚಿಗೂ ರೋಗದ ಗುರುತ್ವಕ್ಕೂ ಸಂಬಂಧವಿಲ್ಲ. "ರೇಡಿಯೋ ಜೋರಾಗಿ ಹಾಕಿ" ಎಂದವರ ಮಾತನ್ನು ಕೇಳಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದಾಗ ನನಗೆ ಈಗಲೂ ಮೈ ನಡುಗುತ್ತದೆ. ಎಂಜಿನ್ನನ್ನು ಪೂರ್ತಿ ಬಿಚ್ಚಿಸಿದ್ದರೂ ಸೋರಿಕೆ ನಿಂತೇ ನಿಲ್ಲುತ್ತಿತ್ತೆಂದು ಹೇಳಲಾಗದು. ಹಳೆಯ ಪ್ಯಾಕಿಂಗನ್ನೇ ಮತ್ತೆ ಕೂಡಿಸಿಬಿಟ್ಟಿದ್ದರೆ ಸದ್ದೂ ಹೊಗೆಯೂ ಹಾಗೆಯೇ ಉಳಿಯುತ್ತಿದ್ದವು.

ಆ ದಿನವೇ ಚಿಂತಾಮಣಿಯಿಂದ ಹೊಸ ಪ್ಯಾಕಿಂಗು ತರಿಸಿದೆವು. ಮೇಸ್ತ್ರಿ ಮ್ಯಾನಿಫೋಲ್ಡನ್ನು ಬಿಚ್ಚಿ, ಅದರ ಮುಖ ಡೊಂಕಾಗಿದೆಯೋ ಎಂದು ಉಕ್ಕಿನ ಪಟ್ಟಿಯಿಟ್ಟು ನೋಡಿ, ಹೊಸದನ್ನು ಕೂಡಿಸಿ, ತುಕ್ಕು ಹಿಡಿದ ಎರಡು ನಟ್ಟುಗಳನ್ನು ಬದಲಾಯಿಸಿ, ಆಸನದ ಮುಚ್ಚಳಕ್ಕೆ ಹೊಸ ರಬ್ಬರು ಹಚ್ಚಿಸಿದರು. ಒಂದು ಮಧ್ಯಾಹ್ನದ ಕೆಲಸ. ಮರುದಿನ ಬೆಳಗ್ಗೆ ತಣ್ಣಗಿದ್ದ ಎಂಜಿನ್ನನ್ನು ಎಬ್ಬಿಸಿದಾಗ ಅತ್ತಿಗೆ ಕಣ್ಣುಮುಚ್ಚಿ ಕೇಳಿ, "ಈಗ ಸರಿಯಾಯಿತು" ಎಂದರು. ಅದಾದ ಐದನೆಯ ದಿನ ಗೂಡು ಬಿಡಿಸಿ ಶಿಡ್ಲಘಟ್ಟಕ್ಕೆ ಒಯ್ದೆವು. ದಾರಿಯಲ್ಲಿ ಅತ್ತಿಗೆಯವರಿಗೆ ತಲೆನೋವು ಬರಲಿಲ್ಲ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರನ್ನು ಕುರಿತ ಕತೆಯೊಂದು ನಮ್ಮ ಕಡೆಯ ಮನೆಮನೆಯಲ್ಲಿಯೂ ಇದೆ. ರಾತ್ರಿ ರೈಲಿನಲ್ಲಿ ಹೋಗುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ ಸರಪಳಿ ಎಳೆದರಂತೆ. ಏಕೆಂದು ಕೇಳಿದರೆ, ಗಾಲಿಯ ಸದ್ದು ಬದಲಾಗಿದೆ, ಮುಂದೆ ಹಳಿ ಬಿರುಕುಬಿಟ್ಟಿರಬೇಕು ಎಂದರಂತೆ. ಹೋಗಿ ನೋಡಿದರೆ ಹಾಗೆಯೇ ಇತ್ತಂತೆ. ಇದು ಬಾಯಿಂದ ಬಾಯಿಗೆ ಬಂದ ಕತೆ. ಚರಿತ್ರೆಯೆಂದು ನಾನು ಇದನ್ನು ಮುಂದಿಡುತ್ತಿಲ್ಲ. ಆದರೆ ಮಹಾಪುರುಷರ ವಿಷಯದಲ್ಲಿ ಜನರು ಯಾವ ಕತೆಯನ್ನು ಕಟ್ಟಿ ಉಳಿಸಿಕೊಳ್ಳುತ್ತಾರೆಂಬುದೂ ಯೋಚಿಸತಕ್ಕ ವಿಷಯ. ದಿವಾನಗಿರಿಯನ್ನು ನಡೆಸಿ, ೧೯೫೫ರಲ್ಲಿ ಭಾರತರತ್ನವಾದ ಅವರ ದೊಡ್ಡ ಅಣೆಕಟ್ಟುಗಳಷ್ಟೇ ಪ್ರೀತಿಯಿಂದ ನಮ್ಮ ಜನ ಈ ಪುಟ್ಟ ಕತೆಯನ್ನೂ ಹೇಳುತ್ತಾರೆ. ಎಲ್ಲರೂ ಮಲಗಿದ್ದಾಗ ಒಬ್ಬರು ಕೇಳುತ್ತಿದ್ದರು ಎಂಬುದೇ ಅದರ ಹಿರಿಮೆ. ಅಂಥ ಕಿವಿ ದಿವಾನರಲ್ಲಿಯೇ ಇರಬೇಕೆಂದಿಲ್ಲ. ಹುಳುಮನೆಯ ಬಾಗಿಲಲ್ಲಿ ನಡುರಾತ್ರಿ ನಿಲ್ಲುವ ಹೆಂಗಸಿನಲ್ಲಿಯೂ ಇರುತ್ತದೆ.

ಮನೆಯಲ್ಲಿ ಹಳೆಯ ವಾಹನವನ್ನು ಇಟ್ಟುಕೊಂಡಿರುವ ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟು. ಹೊಸ ಸದ್ದು ಕೇಳಿಸಿದರೆ ಅದನ್ನು ಮುಚ್ಚಲೂ ಬೇಡಿ, ಅದಕ್ಕೆ ಅವಸರದಿಂದ ಹೆಸರಿಡಲೂ ಬೇಡಿ. ತಣ್ಣಗಿರುವಾಗಲೋ ಬಿಸಿಯಾದಾಗಲೋ, ನಿಂತಾಗಲೋ ಏರುವಾಗಲೋ ಎಂದು ಕಾಗದದ ಮೇಲೆ ಬರೆದು ಮೇಸ್ತ್ರಿಯ ಕೈಗೆ ಕೊಡಿ. ಓಡುವ ಎಂಜಿನ್ನಿನ ಬೆಲ್ಟು, ಪ್ಲಗ್ಗುಗಳ ಬಳಿ ನೀವಾಗಿ ಕೈಯಿಡಬೇಡಿ; ಅದು ಬಲ್ಲವರ ಕೆಲಸ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಒಂದು ನಿಮಿಷವೂ ಓಡಿಸಬೇಡಿ. ಪ್ರಯಾಣದಲ್ಲಿ ಇಬ್ಬರಿಗೆ ಒಟ್ಟಿಗೆ ತಲೆ ಭಾರವಾಯಿತೆಂದರೆ ಗಾಡಿಯನ್ನು ನಿಲ್ಲಿ‌ಸಿ, ಇಳಿದು, ಗಾಳಿಗೆ ಬಂದು, ಆಮೇಲೆ ಕಾರಣವನ್ನು ಹುಡುಕಿ. ಸುಧಾರಿಸದಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಿ. ಮನೆಯ ಹೆಂಗಸರು, "ಇದರ ಮಾತು ಬೇರೆಯಾಗಿದೆ" ಎಂದರೆ ಆ ಮಾತನ್ನು ಮೊದಲು ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಈಗ ಎಲ್ಲಿಗೆ ಹೊರಟರೂ ಊರ ಗಡಿ ದಾಟುವವರೆಗೆ ರೇಡಿಯೋ ಹಾಕುವುದಿಲ್ಲ, ಯಾರೂ ಮಾತನಾಡುವುದಿಲ್ಲ. ಮೊಮ್ಮಗುವಿಗೂ ಈ ನಿಯಮ ಅಭ್ಯಾಸವಾಗಿದೆ.